ಮಾನಸಿಕ ಆಸ್ಪತ್ರೆಯಲ್ಲಿದ್ದ ಸಂತ

ಬಾಲಯೇಸುವಿನ ಸಂತ ತೆರೇಸಮ್ಮನವರನ್ನು ಅರಿಯದ ಕಥೋಲಿಕ ಕುಟುಂಬ ನಮ್ಮಲ್ಲಿ ಇರಲಾರದು. ಗುಲಾಬಿ ಹೂಗಳ ನಡುವೆ ಶಿಲುಬೆಯನ್ನು ಎದೆಗವಚಿಕೊಂಡ ಅವರ ಪಟ ಎಷ್ಟೋ ಮನೆಗಳ ಗೋಡೆಯ ಮೇಲಿದೆ. ಆದರೆ ಅವರ ತಂದೆ ಬಾಳಿನ ಸಂಜೆಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿದ್ದರು ಎಂಬುದು ಹೆಚ್ಚಿನವರಿಗೆ ತಿಳಿಯದು. ಆ ತಂದೆಯೂ ಇಂದು ಸಂತರ ಸಾಲಿನಲ್ಲಿದ್ದಾರೆ. ಅವರೇ ಸಂತ ಲೂಯಿ ಮಾರ್ಟಿನ್.

ಲೂಯಿ ಹುಟ್ಟಿದ್ದು 1823ರ ಆಗಸ್ಟ್ 22ರಂದು, ಫ್ರಾನ್ಸಿನ ಬೋರ್ಡೊ ನಗರದಲ್ಲಿ. ತಂದೆ ಸೇನೆಯಲ್ಲಿದ್ದವರು. ಯುವಕ ಲೂಯಿಗೆ ಸನ್ಯಾಸಿಯಾಗುವ ಹಂಬಲವಿತ್ತು. ಲ್ಯಾಟಿನ್ ಬಾರದೆಂಬ ಕಾರಣಕ್ಕೆ ಮಠದ ಬಾಗಿಲು ತೆರೆಯಲಿಲ್ಲ. ಅವರು ಗಡಿಯಾರ ರಿಪೇರಿಯ ಕಸುಬು ಕಲಿತು ಅಲಾನ್ಸೋನ್ ಪಟ್ಟಣದಲ್ಲಿ ಅಂಗಡಿ ತೆರೆದರು. 1858ರ ಜುಲೈ 13ರಂದು, ಲೇಸು ಹೆಣೆಯುವುದರಲ್ಲಿ ನಿಪುಣೆಯಾಗಿದ್ದ ಜೆಲಿ ಗೆರೆನ್ ಅವರನ್ನು ಮದುವೆಯಾದರು. ಒಂಬತ್ತು ಮಕ್ಕಳು ಹುಟ್ಟಿದರು. ನಾಲ್ವರು ಎಳವೆಯಲ್ಲೇ ತೀರಿಕೊಂಡರು. 1877ರಲ್ಲಿ ಸ್ತನ ಕ್ಯಾನ್ಸರಿನಿಂದ ಜೆಲಿಯೂ ಕಣ್ಮುಚ್ಚಿದಾಗ ಕಿರಿಯವಳಾದ ತೆರೇಸಾಗೆ ನಾಲ್ಕೂವರೆ ವರ್ಷ. ಐವರು ಹೆಣ್ಣುಮಕ್ಕಳನ್ನು ಕರೆದುಕೊಂಡು ಲೂಯಿ ಲಿಸಿಯೂ ಪಟ್ಟಣಕ್ಕೆ, ಜೆಲಿಯ ತಮ್ಮನ ಮನೆಯ ಆಸರೆಯತ್ತ ಬಂದರು.

ಮಕ್ಕಳು ಒಬ್ಬೊಬ್ಬರಾಗಿ ಮಠ ಸೇರಿದರು. 1888ರ ಏಪ್ರಿಲ್ 9ರಂದು, ಹದಿನೈದು ವರ್ಷದ ತೆರೇಸಾ ಕಾರ್ಮೆಲ್ ಮಠವನ್ನು ಪ್ರವೇಶಿಸಿದಾಗ ಲೂಯಿ ಮನಸಾರೆ ಆಶೀರ್ವದಿಸಿ ಕಳುಹಿಸಿದರು. ಆದರೆ ಅದಕ್ಕೂ ಒಂದು ವರ್ಷ ಮುಂಚೆಯೇ, 1887ರಲ್ಲಿ, ಅವರಿಗೆ ಪಾರ್ಶ್ವವಾಯು ಬಡಿದಿತ್ತು. ಮೆದುಳಿನ ರಕ್ತನಾಳಗಳು ಕೆಡುತ್ತಿದ್ದವು. ನೆನಪು ತಪ್ಪತೊಡಗಿತು, ಇಲ್ಲದ್ದು ಕಾಣಿಸತೊಡಗಿತು. 1888ರ ಜೂನ್‌ನಲ್ಲಿ ಒಂದು ದಿನ ಯಾರಿಗೂ ಹೇಳದೆ ಮನೆ ಬಿಟ್ಟು ಹೋದರು. ಸಮುದ್ರ ತೀರದ ಲ ಹಾವ್ರ್ ಊರಿನಲ್ಲಿ ಅವರು ಸಿಕ್ಕಿದ್ದು ನಾಲ್ಕು ದಿನಗಳ ನಂತರ. ಮನೆಯಲ್ಲಿ ಹಿರಿಯರು ಹೀಗೆ ಕಾಣೆಯಾದಾಗ ಬಾಗಿಲಲ್ಲಿ ಕಾದು ಕುಳಿತವರಿಗೆ ಆ ನಾಲ್ಕು ದಿನಗಳ ಸಂಕಟವೇನೆಂದು ಗೊತ್ತು.

1889ರ ಜನವರಿ 10ರಂದು ತೆರೇಸಾ ಮಠದ ಉಡುಪು ಧರಿಸಿದರು. ತಂದೆ ಬಂದು ಮಗಳನ್ನು ಕೈಹಿಡಿದು ನಡೆಸಿದರು. ಅದಾಗಿ ಒಂದು ತಿಂಗಳಲ್ಲೇ ಕಾಯಿಲೆ ಉಲ್ಬಣಿಸಿತು. ಯುದ್ಧ ನಡೆಯುತ್ತಿದೆ, ಮಕ್ಕಳನ್ನು ತಾನೇ ಕಾಪಾಡಬೇಕು ಎಂಬ ಭ್ರಮೆಯಲ್ಲಿ ಅವರು ಆಯುಧ ಕೈಗೆತ್ತಿಕೊಂಡಾಗ ಮನೆಯವರಿಗೆ ಬೇರೆ ದಾರಿ ಉಳಿಯಲಿಲ್ಲ. ಫೆಬ್ರವರಿ 12ರಂದು ಅವರನ್ನು ಕಾನ್ ನಗರದಲ್ಲಿ ಧರ್ಮಭಗಿನಿಯರು ನಡೆಸುತ್ತಿದ್ದ ಬಾನ್ ಸೋವೂರ್ ಮಾನಸಿಕ ಆಸ್ಪತ್ರೆಗೆ ಸೇರಿಸಲಾಯಿತು.

ಊರು ಸುಮ್ಮನಿರಲಿಲ್ಲ. ಹೆಣ್ಣುಮಕ್ಕಳು ಮಠ ಸೇರಿದ್ದರಿಂದಲೇ ತಂದೆಗೆ ಹುಚ್ಚು ಹಿಡಿಯಿತು, ಅದರಲ್ಲೂ ಮುದ್ದಿನ ಕಿರಿಮಗಳು ಹೋದದ್ದೇ ಕಾರಣ ಎಂದು ಲಿಸಿಯೂವಿನ ಜನ ಆಡಿಕೊಂಡರು. ಆ ಮಾತು ಮಠದ ಗೋಡೆ ದಾಟಿ ತೆರೇಸಾ ಅವರ ಕಿವಿಗೂ ಬಿತ್ತು. ರಕ್ತನಾಳದ ರೋಗಕ್ಕೆ ಹದಿನಾರು ವರ್ಷದ ಹುಡುಗಿಯನ್ನು ಹೊಣೆ ಮಾಡಿದ ಆ ನಾಲಿಗೆಗಳು ಎಂಥ ಗಾಯ ಮಾಡಿರಬಹುದು! ಹೃದಯದ ಕಾಯಿಲೆ ಬಂದ ಮನೆಗೆ ನಾವು ಹಣ್ಣು ಹಿಡಿದುಕೊಂಡು ಹೋಗುತ್ತೇವೆ; ಮನಸ್ಸಿನ ಕಾಯಿಲೆ ಬಂದ ಮನೆಯಲ್ಲಿ ಪಾಪವನ್ನೋ ಶಾಪವನ್ನೋ ಮಾಟವನ್ನೋ ಹುಡುಕುತ್ತೇವೆ. ಆ ಮನೆಯ ಹುಡುಗಿಗೆ ಸಂಬಂಧ ಕೂಡಿಬರದಂತೆ ನಮ್ಮ ಮಾತೇ ಅಡ್ಡ ನಿಲ್ಲುತ್ತದೆ.

ಮಕ್ಕಳು ಮಾತ್ರ ತಂದೆಯನ್ನು ಮರೆಮಾಚಲಿಲ್ಲ, ಕೈಬಿಡಲೂ ಇಲ್ಲ. ಲಿಯೋನಿ ಮತ್ತು ಸೆಲಿನ್ ಕಾನ್ ನಗರದಲ್ಲೇ ಕೆಲವು ತಿಂಗಳು ತಂಗಿದರು. ವಾರಕ್ಕೊಮ್ಮೆ ಮಾತ್ರ ತಂದೆಯನ್ನು ಕಾಣಲು ಅವಕಾಶವಿದ್ದರೂ, ಕ್ಷೇಮ ವಿಚಾರಿಸಲು ಆಸ್ಪತ್ರೆಯ ಬಾಗಿಲಿಗೆ ದಿನವೂ ಹೋದರು. ಮಠದೊಳಗಿದ್ದ ಮಕ್ಕಳು ಪ್ರಾರ್ಥಿಸಿದರು. ವೈದ್ಯರ ಆರೈಕೆಯೋ ಪ್ರಾರ್ಥನೆಯೋ ಎಂದು ಅವರು ಕೇಳಲಿಲ್ಲ; ಎರಡನ್ನೂ ಒಂದೇ ದೇವರ ಕೈಯಿಂದ ಪಡೆದರು.

ಮನಸ್ಸು ತಿಳಿಯಾಗಿದ್ದ ದಿನಗಳಲ್ಲಿ ಲೂಯಿ ಪರಮಪ್ರಸಾದ ಸ್ವೀಕರಿಸುತ್ತಿದ್ದರು. ತಾವೆಲ್ಲಿದ್ದೇವೆಂಬುದು ಅವರಿಗೆ ಆಗ ಚೆನ್ನಾಗಿ ತಿಳಿಯುತ್ತಿತ್ತು. ನೋವಿನ ತಿರುಳೂ ಅದೇ ಆಗಿತ್ತು. ಬಾಳಿನಲ್ಲಿ ಎಂದೂ ಅವಮಾನ ಕಂಡಿರದ ತಮಗೆ ಇದೊಂದು ಬೇಕಿತ್ತು ಎಂದು ಅವರು ಆರೈಕೆ ಮಾಡುವವರೊಡನೆ ಹೇಳಿಕೊಂಡರು. ಆದರೆ ಆಸ್ತಿಯ ಆಡಳಿತವನ್ನು ಬಿಟ್ಟುಕೊಡುವ ಕಾಗದಕ್ಕೆ ಸಹಿ ಕೇಳಿದಾಗ, ಮಕ್ಕಳೇ ತಮ್ಮನ್ನು ಕೈಬಿಟ್ಟರೇ ಎಂದು ಮರುಗಿದರು. ಸಂತರಿಗೂ ನೋವು ನೋವೇ.

ಕಾಲುಗಳ ಬಲ ಕುಂದಿದ ಮೇಲೆ, 1892ರ ಮೇ 10ರಂದು ಅವರನ್ನು ಮನೆಗೆ ಕರೆತಂದರು. ಎರಡು ದಿನಗಳ ನಂತರ ಮಠದ ಹೆಣ್ಣುಮಕ್ಕಳನ್ನು ಕೊನೆಯ ಬಾರಿ ಕಂಡಾಗ ಬೆರಳು ಮೇಲೆತ್ತಿ ಸ್ವರ್ಗವನ್ನು ತೋರಿಸಿದರು. 1894ರ ಜುಲೈ 29ರಂದು, ಸೆಲಿನ್ ಬಳಿಯಲ್ಲಿದ್ದಾಗ, ಶಾಂತಿಯಿಂದ ಪ್ರಾಣ ಬಿಟ್ಟರು. 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸ್ ಅವರು ಲೂಯಿ ಮತ್ತು ಜೆಲಿ ದಂಪತಿಯನ್ನು ಒಟ್ಟಿಗೆ ಸಂತರೆಂದು ಘೋಷಿಸಿದರು. ಅವರ ಸಂತತ್ವಕ್ಕೆ ಆ ಆಸ್ಪತ್ರೆಯ ದಿನಗಳು ಅಡ್ಡಿಯಾಗಲಿಲ್ಲ.

ತೆರೇಸಮ್ಮನವರ ಕೊನೆಯ ದಿನಗಳನ್ನೂ ಇಲ್ಲಿ ನೆನೆಯಬೇಕು. 1897ರಲ್ಲಿ ಕ್ಷಯರೋಗದ ತೀವ್ರ ಯಾತನೆಯಲ್ಲಿ ಮಲಗಿದ್ದ ಅವರು, ವಿಶ್ವಾಸವೊಂದು ಇಲ್ಲದಿದ್ದರೆ ತಾವೇ ಬಾಳನ್ನು ಕೊನೆಗಾಣಿಸಿಕೊಳ್ಳುತ್ತಿದ್ದುದಾಗಿ ಅಕ್ಕನೊಡನೆ ಮುಚ್ಚುಮರೆಯಿಲ್ಲದೆ ಹೇಳಿದರು. ಇಷ್ಟು ನರಳುವ ರೋಗಿಗಳ ಬಳಿ ವಿಷವಾಗಬಲ್ಲ ಔಷಧಿಗಳನ್ನು ಎಂದೂ ಇಡಬಾರದೆಂದೂ ಎಚ್ಚರಿಸಿದರು. ಅಂಥ ಆಲೋಚನೆ ಸಂತರ ಮನಸ್ಸಿನ ಬಾಗಿಲನ್ನೂ ತಟ್ಟಬಲ್ಲದು. ಅದು ಬಂದ ಮಾತ್ರಕ್ಕೆ ವಿಶ್ವಾಸ ಸತ್ತಿತೆಂದಲ್ಲ. ಅವರು ಅದನ್ನು ಒಳಗೇ ಅದುಮಿಡದೆ ಹೇಳಿಕೊಂಡರು. ಅಕ್ಕ ಗದರದೆ ಕೇಳಿದರು. ನಮ್ಮ ಮನೆಗಳಲ್ಲೂ ಮಾತ್ರೆಗಳು, ಬೆಳೆಗೆ ಹೊಡೆಯುವ ಔಷಧಿಗಳು ಬೀಗದೊಳಗಿರಲಿ. ಬದುಕು ಸಾಕಾಗಿದೆ ಎನ್ನುವವರ ಮಾತಿಗೆ ನಮ್ಮ ಕಿವಿ ತೆರೆದಿರಲಿ.

1917ರ ಧರ್ಮಸಭೆಯ ಕಾನೂನು, ಬುದ್ಧಿಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ ಕ್ರೈಸ್ತ ಸಮಾಧಿಯನ್ನು ನಿರಾಕರಿಸಿತ್ತು. 1983ರ ಕಾನೂನಿನಲ್ಲಿ ಆ ಮಾತಿಲ್ಲ. ಜೀವ ದೇವರದು, ಅದನ್ನು ತೆಗೆದುಕೊಳ್ಳುವ ಹಕ್ಕು ನಮಗಿಲ್ಲ ಎಂಬ ಬೋಧನೆ ಬದಲಾಗಿಲ್ಲ. ಆದರೆ ತೀವ್ರ ಮನೋವ್ಯಾಧಿ, ಭಯ, ಯಾತನೆಗಳು ವ್ಯಕ್ತಿಯ ಹೊಣೆಯನ್ನು ಕಡಿಮೆ ಮಾಡುತ್ತವೆ ಎಂದೂ, ಅಂಥವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದೂ 1992ರ ಧರ್ಮೋಪದೇಶ ಗ್ರಂಥ ಕಲಿಸುತ್ತದೆ. ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಸಾಯಲು ಯತ್ನಿಸಿದವರನ್ನು ಅಪರಾಧಿಗಳಂತಲ್ಲ, ತೀವ್ರ ಒತ್ತಡಕ್ಕೆ ಸಿಲುಕಿದವರಂತೆ ನೋಡಿ ಆರೈಕೆ ಕೊಡಬೇಕೆನ್ನುತ್ತದೆ.

ಪ್ರಿಯರೇ, ನಿಮ್ಮ ಮನೆಯಲ್ಲಿ ಇಂಥ ಕಾಯಿಲೆಯಿದ್ದರೆ ನಾಚಬೇಡಿ. ವೈದ್ಯರ ಬಳಿ ಹೋಗಿ, ನಿಮ್ಮ ಗುರುಗಳಿಗೂ ತಿಳಿಸಿ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು; ಕನ್ನಡದಲ್ಲೂ ಮಾತನಾಡಬಹುದು. ಕಾಯಿಲೆ ನೆರೆಮನೆಯಲ್ಲಿದ್ದರೆ, ಲಿಸಿಯೂವಿನ ಜನರಂತೆ ಆಡಿಕೊಳ್ಳಬೇಡಿ. ಲಿಯೋನಿ, ಸೆಲಿನ್‌ರಂತೆ ಹೋಗಿ ಬಾಗಿಲು ತಟ್ಟಿ, ಹೇಗಿದ್ದಾರೆಂದು ಕೇಳಿ. ಸಂತ ಲೂಯಿ ಮಾರ್ಟಿನ್ ಅವರ ಬಿನ್ನಹದಿಂದ ದೇವರು ನೊಂದ ಮನಸ್ಸುಗಳಿಗೆ ನೆಮ್ಮದಿಯನ್ನೂ ನಮ್ಮ ನಾಲಿಗೆಗಳಿಗೆ ಕರುಣೆಯನ್ನೂ ಕೊಡಲಿ.