ಬಿಡುವಿನ ಮೂರು ವರ್ಷ: ಜನರಲ್ ತಿಮ್ಮಯ್ಯ

ಯೋಧನು ಖಡ್ಗವನ್ನು ಒರೆಗೆ ಸೇರಿಸಿ ಮನೆಗೆ ಬಂದನೆಂದರೆ ಅವನ ವೃತ್ತಿ ಮುಗಿಯಿತೆಂದೇ ಲೋಕ ಎಣಿಸುತ್ತದೆ. ಆ ಬಿಡುವು ತಾತ್ಕಾಲಿಕವೂ ಆಗಬಹುದೆಂಬುದಕ್ಕೆ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಬಾಳು ಸಾಕ್ಷಿಯಾಗಿದೆ. ಹೊರನಾಡಿನ ಕಾಫಿ ಗುಡ್ಡಗಳ ನಡುವೆ ಬೆಳೆದ ನನಗೆ ಅವರ ಕದನಗಳಿಗಿಂತಲೂ, ಅವರು ತೋಟಕ್ಕೆ ಬಂದು ಮತ್ತೆ ತೋಟವನ್ನು ಬಿಟ್ಟು ಹೊರಟ ಆ ಮೂರು ವರ್ಷಗಳೇ ಹೆಚ್ಚಿನ ಚಿಂತನೆಗೆ ಎಡೆಗೊಟ್ಟಿವೆ.

ತಿಮ್ಮಯ್ಯನವರು 1906ರ ಮಾರ್ಚ್‌ನಲ್ಲಿ ಮಡಿಕೇರಿಯ ಕಾಫಿ ಬೆಳೆಗಾರರ ಮನೆತನದಲ್ಲಿ ಜನಿಸಿದರು. ಕೂನೂರು, ಬೆಂಗಳೂರು, ಡೆಹರಾಡೂನ್‌ಗಳಲ್ಲಿ ಕಲಿತು, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಿಂದ 1926ರಲ್ಲಿ ಅಧಿಕಾರಿಯಾಗಿ ಹೊರಬಂದರು. ಎರಡನೆಯ ಮಹಾಯುದ್ಧದಲ್ಲಿ ಅರಕಾನಿನ ಕಾಡುಗಳಲ್ಲಿ ಮೊದಲು ಪಟಾಲಮನ್ನೂ ಅನಂತರ ಬ್ರಿಗೇಡನ್ನೂ ನಡೆಸಿ ಡಿ.ಎಸ್.ಒ. ಪದಕ ಪಡೆದರು. ಅದೇ ಕಾಲದಲ್ಲಿ ಅವರ ಸೋದರ ಪೊನ್ನಪ್ಪನವರು ಸುಭಾಷರ ಆಜಾದ್ ಹಿಂದ್ ಸೇನೆಯಲ್ಲಿದ್ದರು; ಇನ್ನೊಬ್ಬ ಸೋದರ ಸೋಮಯ್ಯನವರು ಮುಂದೆ ಕಾಶ್ಮೀರದಲ್ಲಿ ಪ್ರಾಣವಿತ್ತರು. 1948ರ ನವೆಂಬರ್ 1ರಂದು 11,000 ಅಡಿಗೂ ಮಿಕ್ಕ ಎತ್ತರದ ಜೋಜಿ ಲಾ ಕಣಿವೆದಾರಿಗೆ ಟ್ಯಾಂಕುಗಳನ್ನು ಏರಿಸಿ ಲಡಾಖಿನ ಹಾದಿಯನ್ನು ತೆರೆದವರು ಇವರೇ.

1953ರಲ್ಲಿ ಕೊರಿಯಾದ ಯುದ್ಧಕೈದಿಗಳ ಪ್ರಶ್ನೆಯನ್ನು ನೋಡಿಕೊಳ್ಳಲು ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರು ಅಧ್ಯಕ್ಷರಾದರು. ತಾಯ್ನಾಡಿಗೆ ಮರಳಲೊಲ್ಲದ 22,000ಕ್ಕೂ ಹೆಚ್ಚು ಮಂದಿ ಆ ಆಯೋಗದ ಹೊಣೆಯಲ್ಲಿದ್ದರು. 1957ರ ಮೇ ತಿಂಗಳಲ್ಲಿ ಭೂಸೇನೆಯ ದಂಡನಾಯಕತ್ವ ಬಂದಿತು. 1959ರ ಆಗಸ್ಟಿನಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ನರೊಡನೆ ವಿರಸ ಬೆಳೆದು ರಾಜೀನಾಮೆಯನ್ನಿತ್ತರು. ಪ್ರಧಾನಿ ನೆಹರೂ ಅವರ ಒತ್ತಾಯಕ್ಕೆ ಮಣಿದು ಹಿಂತೆಗೆದುಕೊಂಡರು. ಹೊರಡುವುದೂ ಕಷ್ಟ, ಉಳಿಯುವುದೂ ಕಷ್ಟ ಎಂಬ ಆ ಗಳಿಗೆಯ ಕಹಿ ಅವರ ಅಧಿಕಾರದ ಉಳಿದ ದಿನಗಳ ಮೇಲೆ ನೆರಳಾಯಿತು.

1961ರ ಮೇ ತಿಂಗಳಲ್ಲಿ ನಿವೃತ್ತರಾಗಿ ಅವರು ಕೊಡಗಿಗೆ ಬಂದರು. ದಕ್ಷಿಣ ಭಾರತದ ತೋಟಗಾರರ ಸಂಘವೂ ಅವರನ್ನು ತನ್ನ ಕಾರ್ಯಕ್ಕೆ ಕರೆದುಕೊಂಡಿತು. ಕಾಫಿಯ ಬದುಕು ಎಂತಹುದೆಂದು ನಮ್ಮ ಕಳಸ, ಮೂಡಿಗೆರೆಯ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇಸಗೆಯಲ್ಲಿ ಹೂಮಳೆಗಾಗಿ ಆಕಾಶ ನೋಡಬೇಕು. ಮಳೆಗಾಲಕ್ಕೆ ಮುನ್ನ ಮರಗಸಿ, ಚಳಿಗಾಲಕ್ಕೆ ಕೊಯ್ಲು. ನೆಟ್ಟ ಗಿಡ ಮೊದಲ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು. ಒಡೆಯನು ಒಂದು ಋತು ದೂರವಿದ್ದರೂ ತೋಟ ಅದನ್ನು ತೋರಿಸಿಕೊಡುತ್ತದೆ. ಇಂತಹ ನೆಲ ಯಾರನ್ನಾದರೂ ಕಟ್ಟಿಹಾಕಬಲ್ಲುದು.

ಆದರೆ ದೇಶದ ಚಿಂತೆ ತಿಮ್ಮಯ್ಯನವರನ್ನು ಬಿಡಲಿಲ್ಲ. ಚೀನಾವನ್ನು ಭಾರತವು ಏಕಾಂಗಿಯಾಗಿ ಬಹಿರಂಗ ಯುದ್ಧದಲ್ಲಿ ಎದುರಿಸಲಾರದೆಂಬ ಅಭಿಪ್ರಾಯವನ್ನು 1962ರ ನಡುವಿನಲ್ಲೇ ಅವರು ಲೇಖನವೊಂದರಲ್ಲಿ ಮಂಡಿಸಿದ್ದರು. ಕೆಲವೇ ತಿಂಗಳಲ್ಲಿ ಯುದ್ಧ ಬಂದಿತು, ಸೋಲೂ ಬಂದಿತು. ತಾವು ಬೆಳೆಸಿದ ಸೇನೆ ಹಿಮಾಲಯದಲ್ಲಿ ಹಿಮ್ಮೆಟ್ಟುತ್ತಿದ್ದಾಗ ಅದನ್ನು ನಡೆಸುವ ಅಧಿಕಾರ ಅವರಿಗಿರಲಿಲ್ಲ. ಬಿಡುವಿನ ನಿಜವಾದ ಬೆಲೆ ಇದೇ ಎಂದು ನನಗೆ ತೋರುತ್ತದೆ.

1964ರಲ್ಲಿ ಸೈಪ್ರಸ್ ದ್ವೀಪದಲ್ಲಿ ಗ್ರೀಕರಿಗೂ ತುರ್ಕರಿಗೂ ಹೊತ್ತಿದ ಜಗಳವನ್ನು ತಡೆಯಲು ವಿಶ್ವಸಂಸ್ಥೆ ಪಡೆಯೊಂದನ್ನು ಕಳುಹಿಸಿತು. ಅದರ ಮೊದಲ ದಂಡನಾಯಕ ಭಾರತದ ಗ್ಯಾನಿಯವರ ಬಳಿಕ ಆ ಸ್ಥಾನಕ್ಕೆ ಜುಲೈ ತಿಂಗಳಲ್ಲಿ ತಿಮ್ಮಯ್ಯನವರು ನಿಂತರು. 58ರ ವಯಸ್ಸಿನಲ್ಲಿ ಅವರು ಮತ್ತೆ ಸಮವಸ್ತ್ರ ತೊಟ್ಟರು. ಮರುತಿಂಗಳೇ ಕೊಕ್ಕಿನಾದಲ್ಲಿ ಕಾಳಗ ನಡೆದು ತುರ್ಕಿಯ ವಿಮಾನಗಳು ಬಾಂಬು ಸುರಿಸಿದವು. ಶಾಂತಿಯನ್ನು ಕಾಯುವುದು ಯುದ್ಧ ಹೂಡುವುದಕ್ಕಿಂತ ಸುಲಭದ ಕೆಲಸವಾಗಿರಲಿಲ್ಲ. 1965ರ ಡಿಸೆಂಬರ್ 18ರಂದು ಅಲ್ಲಿಯೇ, ಕರ್ತವ್ಯದಲ್ಲಿದ್ದಾಗಲೇ, ಹೃದಯಾಘಾತದಿಂದ ಅವರು ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿಯನ್ನು ಹೊರಡಿಸಿತು. ಮಡಿಕೇರಿಯಲ್ಲಿ ಅವರು ಬಾಳಿದ ‘ಸನ್ನಿ ಸೈಡ್’ 2021ರಲ್ಲಿ ಸ್ಮಾರಕ ವಸ್ತುಸಂಗ್ರಹಾಲಯವಾಯಿತು.

ಒಂದು ಕಾಫಿ ಗಿಡ ಮೊದಲ ಹಣ್ಣು ಬಿಡುವಷ್ಟು ಕಾಲ ಅವರು ಮನೆಯಲ್ಲಿದ್ದರು. ಕರೆ ಬಂದಾಗ, ಮಾಡಬೇಕಾದುದನ್ನೆಲ್ಲ ಮಾಡಿ ಮುಗಿಸಿದೆನೆಂದು ಹೇಳುವ ಹಕ್ಕು ಅವರಿಗೆ ಪೂರ್ಣವಾಗಿತ್ತು. ಆ ಹಕ್ಕನ್ನು ಬಳಸದೆ ಹೊರಟುದೇ ಅವರ ಬಾಳಿನ ಕೊನೆಯ ಹಿರಿಮೆ.