ಮೂರು ನಿಮಿಷದ ಖಾನ್‌ಸಾಹೇಬರು

ನಾನು ಕಾಮರ್ಸ್ ವಿದ್ಯಾರ್ಥಿ. ಹತ್ತನೆಯ ಇಯತ್ತೆವರೆಗೆ ಕನ್ನಡ ಶಾಲೆಯಲ್ಲಿ ಓದಿ, ಈಗ ಇಂಗ್ಲಿಷಿನಲ್ಲಿ ಜಮಾ-ಖರ್ಚು ಬರೆಯಲು ಒದ್ದಾಡುತ್ತಿರುವವನು. ಸಂಗೀತದ ಬಗ್ಗೆ ಬರೆಯುವ ಅಧಿಕಾರ ನನಗೆ ಖಂಡಿತ ಇಲ್ಲ. ಆದರೂ ನಮ್ಮ ಕೂಟದ ಗೆಳೆಯರು ಈ ಸಲ ಒಬ್ಬ ಮಹನೀಯರ ಜೀವನ ಬರೆದುಕೊಡು ಅಂದಾಗ ನನಗೆ ಹೊಳೆದದ್ದು ಒಂದೇ ಹೆಸರು. ಉಸ್ತಾದ ಅಬ್ದುಲ್ ಕರೀಂ ಖಾನ್. ಅದಕ್ಕೆ ಕಾರಣ, ಕಳೆದ ದೀಪಾವಳಿ ರಜೆಯಲ್ಲಿ ನಾನು ಪುಣೆಯ ಖರಾಡಿಗೆ ಹೊತ್ತುಕೊಂಡು ಹೋದ ಒಂದು ಪ್ಲೇಟು.

ಪ್ಲೇಟು ಅಂದರೆ ಊಟದ್ದಲ್ಲ. ಗ್ರಾಮೋಫೋನ್ ರೆಕಾರ್ಡಿಗೆ ನಮ್ಮ ಮನೆಯಲ್ಲಿ ಹಾಗೇ ಅನ್ನೋದು. ನಮ್ಮೂರು ಕುಂದಗೋಳ. ಮುತ್ತಜ್ಜ ಕೊಂಡಿದ್ದ, ಚಾವಿ ಕೊಟ್ಟು ತಿರುಗಿಸುವ ಒಂದು ಗ್ರಾಮೋಫೋನು, ಮತ್ತೆ ಒಂದು ಪೆಟ್ಟಿಗೆ ತುಂಬ ಪ್ಲೇಟು ನಮ್ಮಲ್ಲಿದ್ದವು. ನಾನು ಹುಟ್ಟುವ ಮೊದಲೇ ಮನೆ ಪಾಲಾಯಿತು. ಹೊಲ, ಮನೆ, ಭಾಂಡೆ ಎಲ್ಲಾ ಹಂಚಿದ ಮೇಲೆ ಹಿರಿಯರು ಇದನ್ನೂ ಹಂಚಿದರು. ಮಷೀನು ದೊಡ್ಡಪ್ಪನಿಗೆ, ಪೆಟ್ಟಿಗೆ ಅಪ್ಪನಿಗೆ. ಲೆಕ್ಕದ ಪ್ರಕಾರ ಸರಿಯಾದ ಪಾಲು. ಆದರೆ ಅಂದಿನಿಂದ ಮಷೀನೂ ಹಾಡಲಿಲ್ಲ, ಪ್ಲೇಟೂ ಹಾಡಲಿಲ್ಲ. ದೊಡ್ಡಪ್ಪ ಮಷೀನು ತಗೊಂಡು ಪುಣೆಗೆ ಹೋದರು. ಅಣ್ಣತಮ್ಮಂದಿರು ಮದುವೆ ಮುಂಜಿವೆಯಲ್ಲಿ ಎದುರಾದರೆ ಆರಾಮ ಏನು ಅಂತ ಕೇಳಿ ಮುಗಿಸೋರು, ಅಷ್ಟೇ.

ರಜೆಗೆ ಬಾ ಅಂತ ದೊಡ್ಡವ್ವ ಫೋನು ಮಾಡಿದ್ದಳು. ಹೊರಡುವ ಹಿಂದಿನ ರಾತ್ರಿ ಅಪ್ಪ ಪೆಟ್ಟಿಗೆ ತೆಗೆದು, ಒಂದು ಪ್ಲೇಟನ್ನು ಹಳೇ ಧೋತರದಲ್ಲಿ ಸುತ್ತಿ ನನ್ನ ಚೀಲದಲ್ಲಿಟ್ಟರು. ಯಾರಿಗೆ, ಯಾಕೆ ಅಂತ ಹೇಳಲಿಲ್ಲ. ಗಾಡಿಯಲ್ಲಿ ಇದನ್ನು ಮಲಗಿಸಬೇಡ, ನಿಲ್ಲಿಸಿ ಇಡು ಅಂದರು. ಹುಬ್ಬಳ್ಳಿಯಿಂದ ಪುಣೆಯ ಗಾಡಿ ಧಾರವಾಡ, ಬೆಳಗಾವಿ, ಮಿರಜ ದಾಟಿ ಹೋಗುತ್ತದೆ. ಇಡೀ ದಾರಿ ನಾನು ಆ ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಖಾನ್‌ಸಾಹೇಬರ ಅರ್ಧ ಜೀವನ ಇದೇ ದಾರಿಯ ಊರುಗಳಲ್ಲಿ ಕಳೆದದ್ದು ಅಂತ ನನಗೆ ಆಗ ಗೊತ್ತಿರಲಿಲ್ಲ.

ಖರಾಡಿ ನಗರ ರಸ್ತೆಯ ಬದಿಗೆ, ಮುಳಾ-ಮುಠಾ ನದಿಯ ದಂಡೆಗೆ ಇದ್ದ ಹಳ್ಳಿ. ಈಗ ಅಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳೇ ಕಾಣುತ್ತವೆ. ದೊಡ್ಡಪ್ಪನ ಫ್ಲ್ಯಾಟಿನಲ್ಲಿ ತಿಂಗಳ ಕೊನೆಯ ರವಿವಾರ ಐದಾರು ಮನೆಯವರು ಸೇರುತ್ತಾರೆ. ತಾವು ಈಚೆಗೆ ಯಾವ ರೆಕಾರ್ಡನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೋ ಅದನ್ನು ಒಬ್ಬೊಬ್ಬರೂ ತರಬೇಕು, ಎಲ್ಲರಿಗೂ ಕೇಳಿಸಬೇಕು, ಆಮೇಲೆ ಪಕ್ಕದವರಿಗೆ ಒಂದು ತಿಂಗಳು ಕೊಡಬೇಕು. ಕೊಟ್ಟದ್ದು ತಗೊಂಡದ್ದು ಬರೆಯಲು ಒಂದು ನೋಟುಬುಕ್ಕು. ಆ ದಿನ ಗೋವಾ ಕಡೆಯ ಒಬ್ಬರು ಕರೆಂಟಿನ ಪ್ಲೇಯರ್ ಮೇಲೆ ಲೂಯಿ ಆರ್ಮ್‌ಸ್ಟ್ರಾಂಗನ ಜಾಜ್ ಹಾಕಿದರು. 1928ರಲ್ಲಿ ಶಿಕಾಗೋದಲ್ಲಿ ಮುದ್ರಣವಾದದ್ದು, ಮೂರು ನಿಮಿಷ ಚಿಲ್ಲರೆ. ಮೊದಲಿಗೆ ಬರೀ ಟ್ರಂಪೆಟ್ ಒಂದೇ ಮೇಲೇರಿ ಬರುತ್ತದೆ. ನಮ್ಮ ಆಲಾಪದ ಹಾಗೇ ಇದೆಯಲ್ಲ ಅನ್ನಿಸಿತು. ದೊಡ್ಡಪ್ಪನ ಹತ್ತಿರ ಮಾತ್ರ ಸ್ವಂತದ ಒಂದು ಪ್ಲೇಟೂ ಇಲ್ಲ. ಬೇರೆಯವರು ತಂದ ಹಳೇ ಪ್ಲೇಟುಗಳಿಗೆ ಮಷೀನಿನ ಚಾವಿ ಕೊಡುವುದು ಅವರ ಕೆಲಸ. ನಾನು ಧೋತರ ಬಿಚ್ಚಿದೆ. ದೊಡ್ಡಪ್ಪ ಲೇಬಲ್ ನೋಡಿ ಏನೂ ಅನ್ನಲಿಲ್ಲ. ಹೊಸ ಪಿನ್ ಹಾಕಿ, ಚಾವಿ ಕೊಟ್ಟು, ಮುಳ್ಳನ್ನು ಮೆಲ್ಲಗೆ ಇಳಿಸಿದರು. ಝಿಂಝೋಟಿ ರಾಗದ ಠುಮ್ರಿ ಬಂತು. ಹಾಡಿದವರು ಯಾರು ಅಂತ ಆಮೇಲೆ ನಾನು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಬ್ದುಲ್ ಕರೀಂ ಖಾನರು ಹುಟ್ಟಿದ್ದು 1872ರ ನವೆಂಬರ್ 11ರಂದು, ಉತ್ತರ ಪ್ರದೇಶದ ಕೈರಾನಾ ಎಂಬ ಊರಿನಲ್ಲಿ. ಕಿರಾನಾ ಘರಾಣೆ ಅಂತ ನಾವು ಕೇಳುವ ಹೆಸರು ಆ ಊರಿನದೇ. ತಂದೆ ಕಾಲೇ ಖಾನ್. ಮನೆತನವೇ ಸಂಗೀತದ್ದು, ಸಾರಂಗಿಯ ಮನೆತನ. ಹುಡುಗ ಸಾರಂಗಿ ಕಲಿತ, ವೀಣೆ, ಸಿತಾರ ಕೈಯಾಡಿಸಿದ, ಕೊನೆಗೆ ಕಂಠವನ್ನೇ ನಂಬಿದ. ತಮ್ಮ ಅಬ್ದುಲ್ ಹಕ್‌ನ ಜೊತೆ ಊರೂರು ಸುತ್ತಿ ಬಡೋದೆಯ ಸಂಸ್ಥಾನಕ್ಕೆ ಬಂದು ದರಬಾರಿನ ಗಾಯಕನಾದ.

ಬಡೋದೆಯಲ್ಲಿ ಅವರ ಜೀವನ ತಿರುವು ತಗೊಂಡಿತು. ಸರದಾರ ಮಾರುತಿರಾವ್ ಮಾನೆಯವರ ಮಗಳು ತಾರಾಬಾಯಿ ಅವರಲ್ಲಿ ಸಂಗೀತ ಕಲಿಯುತ್ತಿದ್ದರು. ಇಬ್ಬರಿಗೂ ಮನಸ್ಸಾಯಿತು. ಹುಡುಗಿ ದೊಡ್ಡ ಮರಾಠಾ ಮನೆತನದವಳು, ಹುಡುಗ ಮುಸಲ್ಮಾನ ಗವಾಯಿ. ಒಪ್ಪುವವರು ಯಾರು? ಇಬ್ಬರೂ ಬಡೋದೆ ಬಿಟ್ಟು ಮುಂಬಯಿ ಸೇರಿದರು, ಮುಂದೆ ಮಿರಜಕ್ಕೆ ಬಂದರು. ಮಿರಜದಲ್ಲಿ ಖಾನ್‌ಸಾಹೇಬರಿಗೆ ಪ್ಲೇಗ್ ತಗುಲಿತಂತೆ. ಅಲ್ಲಿಯ ಮೀರಾಸಾಹೇಬರ ದರ್ಗಾದಲ್ಲಿ ಹಾಡಿ ಗುಣವಾದೆ ಅಂತ ಅವರು ಕೊನೆತನಕ ನಂಬಿದ್ದರು. ಅದಕ್ಕೇ ಆ ಊರನ್ನು ಬಿಡಲಿಲ್ಲ. ಮಿರಜ ತಂಬೂರಿ, ಸಿತಾರ ಮಾಡುವ ಕುಶಲಿಗರ ಊರು. ಖಾನ್‌ಸಾಹೇಬರೂ ವಾದ್ಯ ರಿಪೇರಿಯಲ್ಲಿ ಪಳಗಿದ ಕೈ. ತಂಬೂರಿಯ ಶ್ರುತಿ ಕೂಡುವವರೆಗೆ ಅವರು ಬಾಯಿ ತೆರೆಯುತ್ತಿರಲಿಲ್ಲ.

ಮಿರಜದಿಂದ ದಕ್ಷಿಣಕ್ಕೆ ದಾರಿ ತೆರೆಯಿತು. ಮೈಸೂರು ಅರಮನೆಗೆ ಹೋಗುವಾಗ ಬರುವಾಗ ಧಾರವಾಡ, ಹುಬ್ಬಳ್ಳಿಗಳಲ್ಲಿ ಇಳಿಯುತ್ತಿದ್ದರು. ನಮ್ಮ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಹಾಡಿದ್ದರು. 1886ರಲ್ಲಿ ಹುಟ್ಟಿದ ನಮ್ಮೂರ ಹುಡುಗ ರಾಮಚಂದ್ರ ಅವರ ಹಾಡಿಗೆ ಮರುಳಾಗಿ ಬೆನ್ನು ಹತ್ತಿದ, ಅವರಲ್ಲಿದ್ದು ವರ್ಷಗಟ್ಟಲೆ ಕಲಿತ. ಆತನೇ ಮುಂದೆ ಸವಾಯಿ ಗಂಧರ್ವರು. ಧಾರವಾಡದಲ್ಲಿ ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರ ಕರ್ನಾಟಕ ಸಂಗೀತ ಕೇಳಲು ಖಾನ್‌ಸಾಹೇಬರು ಅವರ ಮನೆಗೇ ಹೋಗುತ್ತಿದ್ದರು. ಅಷ್ಟು ದೊಡ್ಡ ಉಸ್ತಾದ, ಒಬ್ಬ ಹೆಣ್ಣುಮಗಳ ಮನೆಯಲ್ಲಿ ಚಾಪೆಯ ಮೇಲೆ ಕೂತು ಕೇಳುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಹೀಗೆ ಕೇಳಿ ಕೇಳಿ ನಮ್ಮ ಕಡೆಯ ಸ್ವರ ಹಾಡುವ ರೀತಿ ಅವರ ಗಾಯನದಲ್ಲಿ ಸರಗಮ್ ಆಗಿ ಸೇರಿತು. ಖರಹರಪ್ರಿಯ ರಾಗದ ಒಂದು ತ್ಯಾಗರಾಜ ಕೃತಿಯನ್ನು ಅವರು ಪ್ಲೇಟಿಗೂ ಹಾಡಿದ್ದಾರೆ.

1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ಸ್ಥಾಪಿಸಿದರು. ವಿದ್ಯಾರ್ಥಿಗಳು ಅಲ್ಲೇ ಇದ್ದು ಕಲಿಯುವ ಪದ್ಧತಿ. ಊಟದ ಖರ್ಚೆಲ್ಲ ಉಸ್ತಾದರ ತಲೆಯ ಮೇಲೆ. ಕಚೇರಿ ಮಾಡಿ ಬಂದ ಹಣ ಅಲ್ಲಿಗೇ ಹೋಗುತ್ತಿತ್ತು. ನನ್ನಂಥ ಕಾಮರ್ಸಿನವನು ನೋಡಿದರೆ ಅದು ನಷ್ಟದ ವ್ಯಾಪಾರವೇ. ಇದೇ ಕಾಲಕ್ಕೆ ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲ್ ಮತ್ತು ಕ್ಲೆಮೆಂಟ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಇಪ್ಪತ್ತೆರಡು ಶ್ರುತಿಗಳ ಲೆಕ್ಕ ಹಾಕುತ್ತಿದ್ದರು. ಆ ಲೆಕ್ಕವನ್ನು ಕಂಠದಿಂದ ತೋರಿಸಿಕೊಟ್ಟವರು ಖಾನ್‌ಸಾಹೇಬರು. ಇನ್ನೊಂದು ಮೋಜಿನ ಸಂಗತಿ ಕೇಳಿ. ಅವರು ತಮ್ಮ ನಾಯಿಗೂ ಸ್ವರ ಕಲಿಸಿದ್ದರಂತೆ! ಎಚ್‌ಎಂವಿ ಪ್ಲೇಟಿನ ಮೇಲಿನ ನಾಯಿ ಬರೀ ಕೇಳುತ್ತ ಕೂತಿದೆ, ಇವರ ನಾಯಿ ಹಾಡುತ್ತಿತ್ತು.

ಇಷ್ಟರ ಮೇಲೆ ಮನೆ ಮುರಿಯಿತು. 1922ರಲ್ಲಿ ತಾರಾಬಾಯಿ ಐದೂ ಮಕ್ಕಳನ್ನು ಕರಕೊಂಡು ಬೇರೆಯಾದರು. ತಂದೆಯ ಹೆಸರೂ ಮಕ್ಕಳ ಜೊತೆ ಉಳಿಯಲಿಲ್ಲ. ಅಬ್ದುಲ್ ರೆಹಮಾನ್ ಸುರೇಶಬಾಬು ಮಾನೆಯಾದರು, ಚಂಪಾಕಲಿ ಹೀರಾಬಾಯಿ ಬಡೋದೆಕರ್ ಆದರು, ಸಕೀನಾ ಸರಸ್ವತಿ ರಾಣೆಯಾದರು. ಒಂದು ಕಾಲಕ್ಕೆ ಪ್ರೀತಿಗಾಗಿ ಅರಮನೆ ಬಿಟ್ಟು ಓಡಿಬಂದವರು ಹೀಗೆ ಬೇರೆಯಾದರಲ್ಲ ಅಂತ ಓದುವಾಗ ಸಂಕಟವಾಗುತ್ತದೆ. ಯಾರ ತಪ್ಪು ಅಂತ ತೀರ್ಮಾನ ಹೇಳಲು ನಾನು ಯಾರು? ಮಕ್ಕಳು ಹಾಡುವುದನ್ನು ಮಾತ್ರ ಬಿಡಲಿಲ್ಲ. ಹೀರಾಬಾಯಿ ಖಾನ್‌ಸಾಹೇಬರ ಬಂಧು ಅಬ್ದುಲ್ ವಹೀದ್ ಖಾನರಲ್ಲಿ ಕಲಿತು ದೇಶವೇ ಬಲ್ಲ ಗಾಯಕಿಯಾದರು. ಹೆಸರು ಬದಲಾದರೂ ಮನೆಯ ಗಾಯನ ಬದಲಾಗಲಿಲ್ಲ.

ಇನ್ನು ಪ್ಲೇಟಿನ ಮಾತು. ಖಾನ್‌ಸಾಹೇಬರು ಮೊದಲ ಸಲ ಪ್ಲೇಟಿಗೆ ಹಾಡಿದ್ದು 1905ರ ಸುಮಾರಿಗೆ. ಆಗ ಮೈಕು ಇರಲಿಲ್ಲ. ಒಂದು ದೊಡ್ಡ ಕಹಳೆಯೊಳಗೆ ಬಾಯಿಟ್ಟು ಗಟ್ಟಿಯಾಗಿ ಹಾಡಬೇಕು, ಆ ಅದುರಿಗೇ ಸೂಜಿ ಮೇಣದ ಮೇಲೆ ಗೆರೆ ಕೊರೆಯಬೇಕು. ಮೆತ್ತಗೆ ಹಾಡಿದರೆ ಗೆರೆಯೇ ಬೀಳದು. ಆಮೇಲೆ ಬಹಳ ವರ್ಷ ಅವರು ಆ ಗೊಡವೆಗೆ ಹೋಗಲಿಲ್ಲ. 1925ರಿಂದ ಮೈಕಿನ ಮುದ್ರಣ ಬಂತು. 1930ರ ದಶಕದ ನಡುವಿಗೆ, ಅರವತ್ತು ದಾಟಿದ ಮೇಲೆ, ಓಡಿಯನ್ ಕಂಪನಿಗೆ ಅವರು ಮತ್ತೆ ಹಾಡಿದರು. ಈಗ ಪಿಸುಮಾತಿನಂಥ ಸ್ವರವೂ ಉಳಿಯಿತು. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಿಂಚಿನ ಪ್ಲೇಟು, ಒಂದು ಬದಿಗೆ ಮೂರು ನಿಮಿಷದ ಆಚೀಚೆ. ಒಂದೇ ರಾಗವನ್ನು ತಾಸುಗಟ್ಟಲೆ ನಿಧಾನವಾಗಿ ಬಿಡಿಸುವ ಮನುಷ್ಯ ಮೂರು ನಿಮಿಷದಲ್ಲಿ ಏನು ಹಾಡಿಯಾನು? ಆದರೆ ಕೇಳಿದರೆ ಅವಸರವೇ ಇಲ್ಲ. ಬಸಂತ, ಮಾಲಕಂಸ, ಶಂಕರಾ, ಜೋಗಿಯಾ, ಎಲ್ಲಾ ಆ ಸಣ್ಣ ತಟ್ಟೆಯಲ್ಲಿ ತುಂಬಿ ನಿಂತಿವೆ.

ಆ ಪ್ಲೇಟುಗಳು ಎಲ್ಲಿಗೆ ಹೋದವು ನೋಡಿ. ಗದಗಿನಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗ ಅಂಗಡಿಯೊಂದರಲ್ಲಿ ಖಾನ್‌ಸಾಹೇಬರ ರೆಕಾರ್ಡು ಕೇಳಿದ. ಹೀಗೇ ಹಾಡಬೇಕು ಅಂತ ಗುರುವನ್ನು ಹುಡುಕಿಕೊಂಡು ಮನೆಬಿಟ್ಟು ಓಡಿದ. ಎಲ್ಲೆಲ್ಲೋ ಅಲೆದು ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಕಾಲು ಹಿಡಿದ. ಆತ ಭೀಮಸೇನ ಜೋಶಿ. ಗುರುಗಳು 1952ರಲ್ಲಿ ಪುಣೆಯಲ್ಲಿ ತೀರಿಕೊಂಡ ಮೇಲೆ, ಮರುವರ್ಷದಿಂದ ಅವರ ಹೆಸರಿನ ಸಂಗೀತ ಉತ್ಸವ ಅಲ್ಲಿ ನಡೆಯುತ್ತ ಬಂದಿದೆ. ಹಾಡಿದವರಿಗೆ ಯಾರ ಮನೆಯಲ್ಲಿ ಯಾವ ಹುಡುಗ ಕೇಳುತ್ತಿದ್ದಾನೆ ಅನ್ನುವುದು ಗೊತ್ತಾಗುವುದೇ ಇಲ್ಲ.

1937ರ ಅಕ್ಟೋಬರ್. ಮದರಾಸಿನಲ್ಲಿ ಹಾಡಿ ಪಾಂಡಿಚೇರಿಗೆ ಹೊರಟಿದ್ದರು. ರಾತ್ರಿ ಗಾಡಿಯಲ್ಲಿ ಎದೆನೋವು ಕಾಣಿಸಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಶನ್ನಿನಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆ ಹಾಸಿಗೆ ಬಿಚ್ಚಿಸಿ, ತಂಬೂರಿ ಶ್ರುತಿ ಮಾಡಿಸಿ, ದರಬಾರಿ ರಾಗದಲ್ಲಿ ದೇವರನ್ನು ನೆನೆಯುತ್ತ ಹಾಡಿದರು. ಹಾಡುತ್ತ ಹಾಡುತ್ತಲೇ ಪ್ರಾಣ ಹೋಯಿತು. ಅಂದು 27ನೆಯ ತಾರೀಖು. ಮಣ್ಣಾದದ್ದು ಮಿರಜದಲ್ಲಿ, ತಾವು ನಂಬಿದ ದರ್ಗಾದ ಆವರಣದಲ್ಲಿ. ಇಂದಿಗೂ ಉರುಸಿನಲ್ಲಿ ಗಾಯಕರು ಅಲ್ಲಿ ಹೋಗಿ ಹಾಡುತ್ತಾರೆ.

ಖರಾಡಿಯ ಆ ರವಿವಾರ ಪ್ಲೇಟು ಮುಗಿದು ಮುಳ್ಳು ಬರೀ ಗೀರುತ್ತಿತ್ತು. ದೊಡ್ಡಪ್ಪ ಎತ್ತಲು ಮರೆತಿದ್ದರು. ಕೊನೆಗೆ ನಾನೇ ಎತ್ತಿದೆ. ಆಮೇಲೆ ಅವರು ಪೆಟ್ಟಿಗೆಯಲ್ಲಿ ಇನ್ನೂ ಹೀರಾಬಾಯಿಯವರ ಪ್ಲೇಟು ಇದೆಯೇ ಅಂತ ಕೇಳಿದರು. ಇದೆ ಅಂದೆ. ತಂದೆಯ ಪಕ್ಕದಲ್ಲೇ ಇದೆ, ಮುತ್ತಜ್ಜ ಇಟ್ಟ ಹಾಗೇ. ಜೀವಂತ ಇದ್ದಾಗ ಬೇರೆಯಾದ ತಂದೆ-ಮಗಳು ನಮ್ಮ ಪೆಟ್ಟಿಗೆಯಲ್ಲಿ ಎಷ್ಟೋ ವರ್ಷದಿಂದ ಒಟ್ಟಿಗೆ ಇದ್ದಾರೆ. ನಾವೇ ಅವರನ್ನು ಹಾಡದ ಹಾಗೆ ಮಾಡಿ ಇಟ್ಟಿದ್ದೆವು.

ನೋಟುಬುಕ್ಕಿನಲ್ಲಿ ಕೊಟ್ಟವರ ಹೆಸರು ಅಂತ ಇದ್ದ ಕಡೆ ದೊಡ್ಡಪ್ಪ ನನ್ನ ಹೆಸರು ಬರೆಯಲಿಲ್ಲ, ಅಪ್ಪನ ಹೆಸರು ಬರೆದರು. ತಿರುಗಿ ಕೊಡುವ ದಿನ ಅನ್ನುವ ಕಡೆ ಪೆನ್ನು ಹಿಡಕೊಂಡು ಸ್ವಲ್ಪ ಹೊತ್ತು ಕೂತರು. ಆಮೇಲೆ ನಾನೇ ತಂದುಕೊಡುತ್ತೇನೆ ಅಂತ ಬರೆದರು. ತಾರೀಖು ಹಾಕಲಿಲ್ಲ. ಊರಿಗೆ ಬಂದು ಅಪ್ಪನಿಗೆ ಇಷ್ಟನ್ನೇ ಹೇಳಿದೆ. ಅಪ್ಪ ಹೂಂ ಅಂದರು. ಮರುದಿನ ನೋಡಿದರೆ ಪೆಟ್ಟಿಗೆಯ ಪ್ಲೇಟುಗಳನ್ನೆಲ್ಲ ಹೊರಗೆ ತೆಗೆದು, ಮೆತ್ತನೆ ಅರಿವೆಯಿಂದ ಒಂದೊಂದಾಗಿ ಒರೆಸುತ್ತ ಕೂತಿದ್ದರು.

ಮಿತ್ರರೇ, ಖಾನ್‌ಸಾಹೇಬರ ಹಾಡು ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತದೆ, ಅವಶ್ಯ ಕೇಳಿ. ಆದರೆ ನಿಮ್ಮ ಮನೆಯ ಅಟ್ಟದ ಮೇಲೆ ಹಳೇ ಪ್ಲೇಟೇನಾದರೂ ಇದ್ದರೆ ಮೋಡಕಾದವನಿಗೆ ಹಾಕುವ ಮುಂಚೆ ಒಮ್ಮೆ ಕೆಳಗಿಳಿಸಿ ನೋಡಿ. ಅದಕ್ಕೆ ಬೇಕಾದ ಮಷೀನು ಯಾರ ಪಾಲಿಗೆ ಹೋಗಿದೆ ಅಂತಲೂ ಮನೆಯ ಹಿರಿಯರನ್ನು ಕೇಳಿ.