ಹಳ್ಳಿಗೇ ಮೊದಲು ಟಿವಿ: ಸಾರಾಭಾಯಿ ಕಾಣದೇ ಹೋದ ಉಪಗ್ರಹ

1975ರ ಆಗಸ್ಟ್ 1. ರಾಯಚೂರು, ಗುಲ್ಬರ್ಗ ಮತ್ತು ವಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳಿಗೆ ಉಪಗ್ರಹದ ಮೂಲಕ ಟಿವಿ ಪ್ರಸಾರ ಆರಂಭವಾಯಿತು. ರಾಜಧಾನಿ ಬೆಂಗಳೂರಿಗೆ ದೂರದರ್ಶನ ಬರಲು ಆಗ ಇನ್ನೂ ಆರು ವರ್ಷ ಬಾಕಿ ಇತ್ತು. ನಗರಕ್ಕಿಂತ ಮುಂಚೆ ಹಳ್ಳಿಗೆ ಎಂಬ ಈ ಕ್ರಮ ಆಕಸ್ಮಿಕವಾಗಿರಲಿಲ್ಲ. ಅದರ ಹಿಂದೆ ಇದ್ದದ್ದು ಡಾ. ವಿಕ್ರಮ್ ಸಾರಾಭಾಯಿ ಅವರ ಹಟ. ಆದರೆ ಆ ದಿನವನ್ನು ಕಾಣಲು ಅವರೇ ಇರಲಿಲ್ಲ.

ಅಹಮದಾಬಾದಿನ ಶ್ರೀಮಂತ ಜವಳಿ ಉದ್ಯಮಿ ಅಂಬಾಲಾಲ್ ಸಾರಾಭಾಯಿ ಅವರ ಮಗನಾಗಿ ವಿಕ್ರಮ್ ಜನಿಸಿದ್ದು 1919ರ ಆಗಸ್ಟ್ 12ರಂದು. ಓದಿಗೆಂದು ಕೇಂಬ್ರಿಜ್‌ಗೆ ತೆರಳಿದ್ದ ಅವರನ್ನು ಎರಡನೇ ಮಹಾಯುದ್ಧ ಸ್ವದೇಶಕ್ಕೆ ಮರಳಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ ಅವರ ಬಳಿ ವಿಶ್ವಕಿರಣಗಳ ಸಂಶೋಧನೆ ಕೈಗೊಂಡರು. ನೃತ್ಯ ಕಲಾವಿದೆ ಮೃಣಾಲಿನಿ ಅವರ ಪರಿಚಯವಾದದ್ದೂ ಇದೇ ಊರಿನಲ್ಲಿ. 1942ರಲ್ಲಿ ಇಬ್ಬರ ವಿವಾಹವಾಯಿತು. ಯುದ್ಧಾನಂತರ ಮತ್ತೆ ಕೇಂಬ್ರಿಜ್‌ಗೆ ಹೋಗಿ ಡಾಕ್ಟರೇಟ್ ಪಡೆದು, 1947ರಲ್ಲಿ ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯವನ್ನು ಸ್ಥಾಪಿಸಿದರು.

1963ರ ನವೆಂಬರ್ 21ರಂದು ತಿರುವನಂತಪುರದ ಬಳಿಯ ತುಂಬಾದಿಂದ ಮೊದಲ ರಾಕೆಟ್ ಹಾರಿದ ಕಥೆ ಎಲ್ಲರಿಗೂ ಗೊತ್ತು. ಆದರೆ ಸಾರಾಭಾಯಿ ಅವರ ಪಾಲಿಗೆ ರಾಕೆಟ್ ಒಂದು ಸಾಧನ ಮಾತ್ರ. ಅವರ ಕಣ್ಣು ನೆಟ್ಟಿದ್ದು ಭೂಸ್ಥಿರ ಕಕ್ಷೆಯ ಮೇಲೆ. ಸಮಭಾಜಕ ವೃತ್ತದ ನೆತ್ತಿಯಲ್ಲಿ ಸುಮಾರು 35,786 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹ, ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ತಾನೂ ಒಂದು ಸುತ್ತು ಮುಗಿಸುತ್ತದೆ. ಹೀಗಾಗಿ ನೆಲದಿಂದ ನೋಡಿದರೆ ಅದು ಆಕಾಶದ ಒಂದೇ ಕಡೆ ನಿಂತಂತೆ. ಅದರತ್ತ ಒಮ್ಮೆ ತಿರುಗಿಸಿಟ್ಟ ಆಂಟೆನಾವನ್ನು ಮತ್ತೆ ಕದಲಿಸಬೇಕಿಲ್ಲ.

ಊರಿಂದೂರಿಗೆ ಗೋಪುರ ನಿಲ್ಲಿಸುತ್ತಾ ಹೋದರೆ ಟಿವಿ ಕಟ್ಟಕಡೆಯ ಹಳ್ಳಿ ಮುಟ್ಟಲು ದಶಕಗಳೇ ಬೇಕು, ಉಪಗ್ರಹಕ್ಕೆ ಮಹಾನಗರವೂ ಒಂದೇ ಕುಗ್ರಾಮವೂ ಒಂದೇ ಎಂಬುದು ಅವರ ವಾದವಾಗಿತ್ತು. ಹಸಿದ ದೇಶಕ್ಕೆ ಬಾಹ್ಯಾಕಾಶದ ಗೊಡವೆ ಏಕೆ ಎಂಬ ಪ್ರಶ್ನೆ ಕೇಳಿಬರುತ್ತಿದ್ದ ಕಾಲವದು. ಆ ಪ್ರಶ್ನೆ ಅನ್ಯಾಯದ್ದೇನೂ ಆಗಿರಲಿಲ್ಲ. ಅದಕ್ಕೆ ಅವರು ಉತ್ತರ ಹುಡುಕಿದ್ದು ಭಾಷಣದಲ್ಲಲ್ಲ, ಪ್ರಯೋಗದಲ್ಲಿ. 1967ರಲ್ಲಿ ದಿಲ್ಲಿ ಸುತ್ತಲಿನ ಸುಮಾರು 80 ಹಳ್ಳಿಗಳಲ್ಲಿ ರೈತರಿಗಾಗಿ ಟಿವಿ ಕಾರ್ಯಕ್ರಮ ಆರಂಭವಾಯಿತು. 1969ರ ಆಗಸ್ಟ್‌ನಲ್ಲಿ ಇಸ್ರೋ ಸ್ಥಾಪನೆಯಾದ ಮರುತಿಂಗಳೇ ನಾಸಾ ಜತೆ ಒಪ್ಪಂದಕ್ಕೆ ಸಹಿ ಬಿತ್ತು. ಉಪಗ್ರಹ ಅಮೆರಿಕದ್ದು, ಹಳ್ಳಿಯ ಟಿವಿ, ಆಂಟೆನಾ, ಕಾರ್ಯಕ್ರಮಗಳು ಭಾರತದವು.

ಹೋಮಿ ಭಾಭಾ ನಿಧನಾನಂತರ 1966ರಿಂದ ಪರಮಾಣು ಶಕ್ತಿ ಆಯೋಗದ ಹೊಣೆಯೂ ಸಾರಾಭಾಯಿ ಅವರ ಹೆಗಲೇರಿತ್ತು. ಬಿಡುವಿಲ್ಲದ ಓಡಾಟದ ನಡುವೆ, 1971ರ ಡಿಸೆಂಬರ್ 30ರಂದು ಕೇರಳದ ಕೋವಳಂನಲ್ಲಿ ನಿದ್ರೆಯಲ್ಲೇ ಅವರು ಕೊನೆಯುಸಿರೆಳೆದರು. ಆಗ ವಯಸ್ಸು ಕೇವಲ 52.

ಯೋಜನೆ ಅನಾಥವಾಗಲಿಲ್ಲ. 1972ರಲ್ಲಿ ಸತೀಶ್ ಧವನ್ ಇಸ್ರೋ ಚುಕ್ಕಾಣಿ ಹಿಡಿದರು. ಯಶ್ ಪಾಲ್, ಇ.ವಿ. ಚಿಟ್ನಿಸ್ ಅವರಂಥವರು ಪ್ರಯೋಗವನ್ನು ದಡ ಮುಟ್ಟಿಸಿದರು. 1974ರ ಮೇ 30ರಂದು ಕಕ್ಷೆ ಸೇರಿದ ಎಟಿಎಸ್-6 ಉಪಗ್ರಹವನ್ನು ಮರುವರ್ಷ ಪೂರ್ವ ಆಫ್ರಿಕಾದ ನೆತ್ತಿಗೆ ಸರಿಸಲಾಯಿತು. ಅದರ 9 ಮೀಟರ್ ಅಗಲದ ಆಂಟೆನಾ ಎಷ್ಟು ಪ್ರಬಲವಾಗಿತ್ತೆಂದರೆ, ಹಳ್ಳಿಯಲ್ಲಿ ಕೋಳಿಗೂಡಿನ ತಂತಿಬಲೆಯಿಂದ ಮಾಡಿದ 3 ಮೀಟರ್ ಛತ್ರಿಯೇ ಸಾಕಾಯಿತು. ಕರ್ನಾಟಕ ಸೇರಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಬೆಳಿಗ್ಗೆ ಮಕ್ಕಳ ಪಾಠ, ಸಂಜೆ ಕೃಷಿ, ಆರೋಗ್ಯ, ಮನರಂಜನೆ.

ಸರಿಯಾಗಿ ಒಂದು ವರ್ಷ. 1976ರ ಜುಲೈ 31ಕ್ಕೆ ಒಪ್ಪಂದ ಮುಗಿದು, ಉಪಗ್ರಹ ಬೇರೆಡೆಗೆ ಸರಿಯಿತು. 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂತಾದರೂ ಅದರ ವ್ಯಾಪ್ತಿಯಾಚೆಯ ಊರುಗಳ ಪರದೆಗಳಿಗೆ ಕತ್ತಲೆಯೇ ಗತಿಯಾಯಿತು. ಬೆಂಗಳೂರಿನಲ್ಲಿ ಎತ್ತಿನ ಗಾಡಿಯ ಮೇಲಿಟ್ಟು ಪರೀಕ್ಷಿಸಲಾದ ಆ್ಯಪಲ್ ಉಪಗ್ರಹ 1981ರಲ್ಲಿ ಭೂಸ್ಥಿರ ಕಕ್ಷೆ ಸೇರಿತು. 1983ರ ಆಗಸ್ಟ್ 30ರಂದು ಹಾರಿದ ಇನ್‌ಸ್ಯಾಟ್-1ಬಿ ದೇಶವ್ಯಾಪಿ ಟಿವಿ ಪ್ರಸಾರಕ್ಕೆ ಬೆನ್ನೆಲುಬಾಯಿತು. ಆದರೆ ಅಷ್ಟರಲ್ಲಿ ಕ್ರಮ ಬದಲಾಗಿತ್ತು: ಪ್ರಸಾರ ಗೋಪುರಗಳು ಮೊದಲು ಎದ್ದದ್ದು ನಗರ, ಪಟ್ಟಣಗಳಲ್ಲಿ.